ನಿರುಪಾದಿಯ ಜಾಗ

ನನ್ನ ಮಗ ನಿರುಪಾದಿ ಬೆಳಗಿನ ಬಸ್ಸಿಗೆ ಪರದೇಶಕ್ಕೆ ಓದಲು ಹೋದ. ಮಧ್ಯಾಹ್ನದ ಬಸ್ಸಿಗೆ ನಿರುಪಾದಿ ಬಂದಿಳಿದಳು. ಎರಡು ಜಡೆ, ಬೆನ್ನಿಗೆ ಅವಳಷ್ಟೇ ಎತ್ತರದ ಚೀಲ, ಕಾಲಿಗೆ ಬೆಟ್ಟ ಹತ್ತುವವರು ಹಾಕುವಂಥ ಬೂಟು. ಬಾಗಿಲಲ್ಲಿ ನಿಂತು ಕೈಮುಗಿದು, "ನಮಸ್ಕಾರ ಆಂಟಿ, ನಾನು ಮೇದಿನಿ. ವಿನಿಮಯ ಕಾರ್ಯಕ್ರಮದಲ್ಲಿ ಬಂದಿದ್ದೀನಿ" ಅಂದಳು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಈಗ ಬಂದೇನು? ನಳದ ನೀರು ಹೋಗೂ ಹೊತ್ತಾತು. ಕೊಡ ಅಲ್ಲೈತಿ ನೋಡು, ತುಂಬಿಕೊಂಡ ಬಾ. ದಿನಾ ಹೇಳಬೇಕೇನು ನಿನಗ?" ಅಂದೆ. ಹುಡುಗಿ ನನ್ನ ಮುಖ ನೋಡಿದಳು, ಕೊಡ ನೋಡಿದಳು, ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಆಮೇಲೆ ಬೂಟಿನ ಸಮೇತ ನಳದ ಕಡೆ ನಡೆದಳು.

ನಮ್ಮೂರಿನಲ್ಲಿ ಯಾರ ಜಾಗವೂ ಖಾಲಿ ಇರುವಂತಿಲ್ಲ. ಯಾರೇ ಆಗಲಿ ಒಂಬತ್ತು ದಿನಕ್ಕಿಂತ ಹೆಚ್ಚು ಊರು ಬಿಟ್ಟರೆ ಅವರ ಜಾಗಕ್ಕೆ ಬದಲಿ ಬಂದು ಕೂರಬೇಕು. ಬದಲಿಗೆ ಬಂದವರನ್ನು ಹೋದವರ ಹೆಸರಿನಿಂದಲೇ ಕರೆಯಬೇಕು. ಹೋದವರ ಹಾಸಿಗೆ, ಹೋದವರ ಕೆಲಸ, ಹೋದವರ ಜಗಳ ಎಲ್ಲ ಅವರಿಗೇ. ಬದಲಿ ಮಾಡಿದ್ದೆಲ್ಲ ಹೋದವರೇ ಮಾಡಿದ ಹಾಗೆ. ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರು ಒಂದು ತಿಂಗಳು ಮಗಳ ಮನೆಗೆ ಹೋಗಿದ್ದಾಗ ಅವರ ಬದಲಿ ಬಂದಾತ ಸಿಗರೇಟು ಬಿಟ್ಟುಬಿಟ್ಟ. ಪಾಪ, ಮಾಸ್ತರರು ತಿರುಗಿ ಬಂದವರು ಬಸ್ ಸ್ಟ್ಯಾಂಡಿನಲ್ಲೇ ಸುದ್ದಿ ಕೇಳಿ ಕಲ್ಲಿನ ಮೇಲೆ ಕುಸಿದು ಕುಳಿತರು. ಆದರೆ ಬಿಟ್ಟದ್ದು ಬಿಟ್ಟಹಾಗೇ. ಇನ್ನೊಂದು ಕಟ್ಟುಪಾಡೂ ಇದೆ. ಹೋದವರು ಮತ್ತು ಬದಲಿಯವರು ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಹೋದವರು ಮನೆಗೆ ತಮ್ಮ ಹೆಸರಿನಲ್ಲಿ ಕಾಗದ ಬರೆಯುವಂತೆಯೂ ಇಲ್ಲ, ಫೋನು ಮಾಡುವಂತೆಯೂ ಇಲ್ಲ. ಒಂದು ಹೆಸರಿನವರು ಇಬ್ಬರು ಹೇಗೆ ಇರಲು ಸಾಧ್ಯ?

ಹುಡುಗಿ ಮೊದಲ ವಾರ ಅತ್ತಳು. ಕಾಲೇಜಿಗೆ ಹೋಗಿ ವಿನಿಮಯದ ವ್ಯವಹಾರ ನೋಡುವ ಮೇಷ್ಟ್ರ ಹತ್ತಿರ ದೂರು ಕೊಟ್ಟಳು. ಅವರು ಅವಳೇ ಸಹಿ ಮಾಡಿದ್ದ ಅರ್ಜಿಯ ನಾಲ್ಕನೆಯ ಪುಟ ತೋರಿಸಿದರು. "ಎಲ್ಲಾನೂ ಸಣ್ಣ ಅಕ್ಷರದಾಗ ಬರದೈತಿ ನೋಡಪಾ ನಿರುಪಾದಿ" ಅಂದರಂತೆ. ಗಡಿಯಾಚೆಯ ದೇಶವಾದರೂ ಅವಳ ಭಾಷೆ ನಮ್ಮದೇ, ಮಾತಿನ ಧಾಟಿ ಮಾತ್ರ ಬೇರೆ. ಹಾಗಾಗಿ ಅರ್ಥವಾಗಲಿಲ್ಲ ಎನ್ನಲೂ ಆಗಲಿಲ್ಲ.

ನನ್ನ ಮಗ ಹೋಗುವ ಮುಂಚೆ ತನ್ನ ಜಾಗದ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದ. ಬೆಳಿಗ್ಗೆ ಏಳುವುದಿಲ್ಲ, ಅವ್ವ ಬೈಯಬೇಕು. ಫೋನು ಬಂದರೆ ಎತ್ತುವುದು, ಮನೆಯ ಕಾಗದಗಳನ್ನೆಲ್ಲ ಬರೆಯುವುದು. ಸಂಖ್ಯಾಶಾಸ್ತ್ರದಲ್ಲಿ ಮೂರು ಸಲ ಫೇಲು, ನಾಲ್ಕನೆಯ ಸಲ ಕೂರಬೇಕು. ಕಬಡ್ಡಿಯಲ್ಲಿ ಎಡ ಮೂಲೆ. ಪಕ್ಕದ ಮನೆಯ ದುಂಡಪ್ಪನ ಜೊತೆ ಮಾತಿಲ್ಲ, ಕಾರಣ ಅವನ ರೇಡಿಯೋ ಗದ್ದಲ. ಹುಡುಗಿ ಇದನ್ನು ಸರಿಯಾಗಿ ಓದಿರಲಿಲ್ಲ. ಎರಡನೆಯ ದಿನ ನಳದ ಹತ್ತಿರ ದುಂಡಪ್ಪನಿಗೆ, "ಗುಡ್ ಮಾರ್ನಿಂಗ್ ಅಂಕಲ್" ಅಂದುಬಿಟ್ಟಳು. ದುಂಡಪ್ಪ ಖಾಲಿ ಕೊಡ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದ.

"ಬಾಳವ್ವ, ಇದು ಬರೋಬ್ಬರಿ ಅಲ್ಲ" ಅಂದ. "ನಿನ್ನ ಮಗ ನನ್ನ ಜೋಡಿ ಮಾತಾಡ್ಯಾನ. ಎರಡ ವರ್ಷದ ಜಗಳ. ಹಿಂಗ ಒಂದ ಗುಡ್ ಮಾರ್ನಿಂಗಿಗೆ ಮುರಿದ ಹೋಗೂದೇನು?"

ಮರುದಿನ ಹುಡುಗಿಯನ್ನು ನಾನೇ ನಳಕ್ಕೆ ಕರೆದುಕೊಂಡು ಹೋಗಿ, ದುಂಡಪ್ಪನ ಎದುರಿಗೆ ನಿಲ್ಲಿಸಿ, ಮುಖ ತಿರುಗಿಸುವುದನ್ನು ಹೇಳಿಕೊಟ್ಟೆ. ಮೊದಲು ಬಾಯಿ, ಆಮೇಲೆ ಗದ್ದ, ಕಡೆಗೆ ಭುಜ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ದುಂಡಪ್ಪ ಸಮಾಧಾನದಿಂದ ನೀರು ಹಿಡಿದುಕೊಂಡು ಹೋದ.

ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಹೊಂದಿಕೊಂಡಳು. ಬೆಳಿಗ್ಗೆ ತಾನಾಗಿಯೇ ಎಚ್ಚರವಾದರೂ ನಾನು ಬೈಯುವ ತನಕ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು. ನನ್ನನ್ನು ಅವ್ವ ಎಂದಳು. ಕಬಡ್ಡಿಯಲ್ಲಿ ಎಡ ಮೂಲೆಯಿಂದ ಹಾರಿ ಎದುರು ತಂಡದವರ ಕಾಲು ಹಿಡಿಯುವುದನ್ನು ಎಲ್ಲಿ ಕಲಿತಿದ್ದಳೋ, ಒಂದೇ ಸಂಜೆ ಮೂವರು ಕುಂಟುತ್ತ ಮನೆಗೆ ಹೋದರು. ನನ್ನ ಮಗ ಜನ್ಮದಲ್ಲಿ ಯಾರ ಕಾಲನ್ನೂ ಹಿಡಿದವನಲ್ಲ. ತಿರುಗಿ ಬಂದ ಮೇಲೆ ಅವನೂ ಹಾಗೇ ಹಾರಬೇಕು. ನೆನೆಸಿಕೊಂಡು ನನಗೆ ಒಳಗೊಳಗೇ ನಗು.

ಬದಲಿಗೆ ಬಂದವರ ಸ್ವಂತ ವಿಷಯ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ಒಂದು ಮಧ್ಯಾಹ್ನ ನಾನು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದಾಗ, ಗುಂಡಿ ಹಚ್ಚುತ್ತ ಕುಳಿತವಳು ತಾನೇ ಬಾಯಿಬಿಟ್ಟಳು.

"ಅವ್ವ, ಒಬ್ಬಳು ಹುಡುಗಿ ಇದಾಳೆ, ಮೇದಿನಿ ಅಂತ. ಅವಳ ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಈಗ ಅವಳ ಅಮ್ಮ ಹಲ್ಲಿನ ಡಾಕ್ಟರ್ ಒಬ್ಬರನ್ನ ಮದುವೆ ಆಗ್ತಿದಾರೆ. ಇವಳು ಚಿಕ್ಕವಳಿದ್ದಾಗ ಆ ಡಾಕ್ಟರು ಹುಳುಕು ಹಲ್ಲು ಬಿಟ್ಟು ಒಳ್ಳೇ ಹಲ್ಲು ಕಿತ್ತಿದ್ರು."

"ಅದಕ್ಕ ಸಿಟ್ಟೇನು ಆಕೀಗೆ?"

"ಅದಕ್ಕೇ ಅಂತ ಎಲ್ಲರಿಗೂ ಹೇಳ್ತಾಳೆ. ಮದುವೆಗೆ ಇರಬಾರದು ಅಂತಾನೇ ಅರ್ಜಿ ಹಾಕಿದ್ಲು. ಎಷ್ಟು ದೂರ ಆದರೆ ಅಷ್ಟು ಒಳ್ಳೇದು ಅಂತ." ಹಲ್ಲಿನಿಂದ ದಾರ ಕಡಿದು, "ನಿರುಪಾದಿ ಆಗಿರೋದು ಆರಾಮು. ನಿರುಪಾದಿಯ ಅಮ್ಮ ಯಾರನ್ನೂ ಮದುವೆ ಆಗ್ತಿಲ್ಲ" ಅಂದಳು.

ನನ್ನ ಗಂಡ ಚನಮಲ್ಲಪ್ಪ ಊರಿನ ನೀರಿನ ವಾಲ್ವು ತಿರುಗಿಸುವವನು, ಮಾತೂ ವಾಲ್ವಿನ ಹಾಗೆ ಹೊತ್ತಿಗೆ ಸರಿಯಾಗಿ ಇಷ್ಟೇ ಇಷ್ಟು. ಅವನು ಪಕ್ಕದ ಕೋಣೆಯಿಂದ, "ಸದ್ಯಕ್ಕ ಇಲ್ಲ" ಅಂದ.

ನಾಲ್ಕು ತಿಂಗಳಾದ ಮೇಲೆ ಕಾಗದ ಬಂತು. ನೋಡಿದ ಕೂಡಲೇ ಗುರುತು ಹಿಡಿದೆ, ಅದು ನನ್ನ ಮಗನ ಅಕ್ಷರ. ಒಡೆದು ಓದಿದೆ. "ಪೂಜ್ಯ ಬಾಳವ್ವನವರಿಗೆ, ನಾನು ನಿಮಗೆ ಪರಿಚಯದವಳಲ್ಲ. ನನ್ನ ಹೆಸರು ಮೇದಿನಿ" ಎಂದು ಶುರುವಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದವನು ನನ್ನನ್ನು ಪೂಜ್ಯ ಎಂದು ಕರೆದದ್ದಕ್ಕೆ ನಗಲೋ ಅಳಲೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

ಕಾಗದದಿಂದ ನಾನು ತಿಳಿದುಕೊಂಡದ್ದು ಇಷ್ಟು. ಆ ದೇಶದಲ್ಲಿ ನಮ್ಮ ಪದ್ಧತಿ ಇಲ್ಲ. ಅವನಿಗೆ ಹಾಸ್ಟೆಲಿನಲ್ಲಿ ಕೋಣೆ ಕೊಟ್ಟು ಸುಮ್ಮನೆ ಓದಿಕೊಂಡಿರಪ್ಪಾ ಎಂದಿದ್ದರು. ಆದರೆ ಅವನು ನಾನು ಬೆಳೆಸಿದ ಮಗ. ಮೇದಿನಿಯ ಜಾಗ ಖಾಲಿ ಬಿಡುವುದುಂಟೇ? ಪೆಟ್ಟಿಗೆ ಹೊತ್ತುಕೊಂಡು ಅವಳ ತಾಯಿ ವಿಶಾಲಾಕ್ಷಿಯವರ ಮನೆಯ ಬಾಗಿಲು ತಟ್ಟಿ, "ಅಮ್ಮಾ, ನಾನು ಮೇದಿನಿ, ಬಂದೆ" ಎಂದಿದ್ದಾನೆ. ಆಯಮ್ಮ ಮೊದಲು ಬಾಗಿಲು ಹಾಕಿಕೊಂಡರಂತೆ. ಮೂರನೆಯ ದಿನ ತೆಗೆದರಂತೆ. ಈಗ ಅವನು ಮೇದಿನಿಯ ಕೋಣೆಯಲ್ಲಿ ಮಲಗುತ್ತಾನೆ, ಆಯಮ್ಮನ ಜೊತೆ ಸಂತೆಗೆ ಹೋಗುತ್ತಾನೆ, ಹಲ್ಲಿನ ಡಾಕ್ಟರು ಮನೆಗೆ ಬಂದರೆ ಎದ್ದು ಒಳಗೆ ಹೋಗುತ್ತಾನೆ. ಮೇದಿನಿ ಹಾಗೇ ಮಾಡುತ್ತಿದ್ದಳೆಂದು ಯಾರೋ ಹೇಳಿದ್ದರಂತೆ.

ಕಡೆಗೆ ಬರೆದಿದ್ದ. "ಬರುವ ತಿಂಗಳು ತಾಯಿಯವರ ಮದುವೆ. ಮುಂದಿನ ಸಾಲಿನಲ್ಲಿ ನನ್ನ ಕುರ್ಚಿ ಇಟ್ಟಿದ್ದಾರೆ. ಅದರಲ್ಲಿ ಕೂತರೆ ನಾನು ಮದುವೆಗೆ ಒಪ್ಪಿದ ಹಾಗೆ. ಕೂರದಿದ್ದರೆ ಜಾಗ ಖಾಲಿ. ನಿಮ್ಮಂಥ ಹಿರಿಯರು ಏನು ಹೇಳುತ್ತೀರೋ ಹಾಗೆ. ಇಂತಿ, ಮೇದಿನಿ."

ಇದನ್ನು ನಾನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಚನಮಲ್ಲಪ್ಪ, "ಕುಂದ್ರಬೇಕು. ಜಾಗ ಖಾಲಿ ಬಿಡಾಕ ಬರಂಗಿಲ್ಲ" ಅಂದ. ಹುಡುಗಿ ರೊಟ್ಟಿ ಮುರಿಯುತ್ತ, "ಕೂರಲಿ, ನಂಗೇನು? ನಾನು ನಿರುಪಾದಿ" ಅಂದಳು. ದಿನಾ ಐದು ರೊಟ್ಟಿ ತಿನ್ನುವವಳು ಅವತ್ತು ಎರಡಕ್ಕೆ ಕೈ ತೊಳೆದಳು.

ಆಮೇಲೆ ಅವಳ ಮುಖದ ಗಂಟು ಬಿಚ್ಚಲೇ ಇಲ್ಲ. ದುಂಡಪ್ಪನಿಗೆ ಮುಖ ತಿರುಗಿಸುವುದು ಸಾಲದೆ ಅವನ ರೇಡಿಯೋ ಕಡೆಗೆ ಒಂದು ಚಪ್ಪಲಿಯನ್ನೂ ಎಸೆದಳು. ಪಟ್ಟಿಯಲ್ಲಿ ಅದು ಇರಲಿಲ್ಲ. ನಾಲ್ಕು ದಿನ ನೋಡಿ, ಕಾಗದಕ್ಕೆ ಉತ್ತರ ಬರೆಯಲು ಕೂರಿಸಿದೆ. ಮನೆಯ ಕಾಗದ ಬರೆಯುವುದು ನಿರುಪಾದಿಯ ಕೆಲಸ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ.

"ಬರಿ" ಅಂದೆ. "ಮೇದಿನಿಗೆ ಆಶೀರ್ವಾದ. ಮುಂದಿನ ಸಾಲಿನ್ಯಾಗ ಕುಂದ್ರು. ನಕ್ಕೊಂತ ಕುಂದ್ರು, ಫೋಟೋದಾಗ ಚಂದ ಬರಬೇಕು."

ಪೆನ್ನು ಒಂದೆರಡು ಸಾಲು ಓಡಿ ನಿಂತಿತು. ಆಮೇಲೆ ನಾನು ಹೇಳದೆಯೇ ಮತ್ತೆ ಓಡಿತು. "ಏನ ಬರದಿ?" ಅಂದರೆ, "ಏನಿಲ್ಲ" ಎಂದು ಹಾಳೆ ಕಿತ್ತುಕೊಂಡಳು. ಕಿತ್ತಾಡುವಷ್ಟರಲ್ಲಿ ನಾನು ಓದಿಬಿಟ್ಟಿದ್ದೆ. "ಅಮ್ಮನಿಗೆ ಮಲ್ಲಿಗೆ ಆಗಲ್ಲ, ಒಂದೇ ಸಮ ಸೀನು ಬರತ್ತೆ. ಹಾರದಲ್ಲಿ ಹಾಕಿಸಬೇಡ. ಅವರು ಸಂಕೋಚಕ್ಕೆ ಯಾರಿಗೂ ಹೇಳಲ್ಲ" ಎಂದಿತ್ತು. ಕಾಗದ ಮಡಚಿ, ಅಂಟು ಹಚ್ಚಿ, ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ.

ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ಹುಡುಗಿಯೇ ಎತ್ತಿದಳು.

"ಹಲೋ, ನಿರುಪಾದಿ ಮಾತಾಡೋದು" ಅಂದಳು. ಅಷ್ಟೇ, ಮುಖ ಬಿಳಿಚಿಕೊಂಡಿತು. ನಾನು ಮಷೀನು ನಿಲ್ಲಿಸಿದೆ. "ಇಲ್ಲ, ಮೇದಿನಿ ಅಂತ ಇಲ್ಲಿ ಯಾರೂ ಇಲ್ಲ. ನಾನು ನಿರುಪಾದಿ... ಅಕ್ಷರ ಗುರುತು ಸಿಕ್ತಾ? ಒಬ್ಬರ ಅಕ್ಷರ ಇನ್ನೊಬ್ಬರ ಥರ ಇರಬಹುದಲ್ವಾ."

ಅವಳು ಫೋನು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಗೋಡೆಗೆ ಒರಗಿ ನೆಲಕ್ಕೆ ಕುಳಿತಳು.

"ನಿಮಗೆ ಮದುವೆಯಂತೆ. ಒಳ್ಳೇದಾಗಲಿ. ನಿಮ್ಮ ಮಗಳು ಒಪ್ಪಿದಾಳಾ?... ಯಾಕೆ ಒಪ್ಪಲ್ಲ ಅಂತ ಕೇಳಿದ್ರಾ ಅವಳನ್ನ?... ಹಲ್ಲಿನ ವಿಷಯ ಅಲ್ಲ ಅನ್ಸುತ್ತೆ. ನಂಗೆ ಹೇಗೆ ಗೊತ್ತಾಗಬೇಕು, ನಾನು ನಿರುಪಾದಿ. ಊಹೆ ಮಾಡಿ ಹೇಳ್ತಿದೀನಿ. ಅವಳ ಅಪ್ಪನ ಕನ್ನಡಕ ಆರು ವರ್ಷ ಟೀವಿ ಮೇಲೇ ಇತ್ತು. ಆ ಡಾಕ್ಟರು ಮನೆಗೆ ಬರೋಕೆ ಶುರುವಾದ ವಾರಾನೇ ಅದು ಮಾಯ. ನಿಮ್ಮ ಮಗಳು ಕೇಳಲಿಲ್ಲ, ನೀವೂ ಹೇಳಲಿಲ್ಲ. ಎಸೆದಿರ್ತೀರಿ ಅಂದ್ಕೊಂಡಿರ್ತಾಳೆ."

ಬಹಳ ಹೊತ್ತು ಆ ಕಡೆಯವರೇ ಮಾತಾಡಿದರು. ಹುಡುಗಿಯ ಜಡೆಯ ತುದಿ ಬಾಯಿಗೆ ಹೋಯಿತು.

"ಎಲ್ಲಿ? ನಿಮ್ಮ ಬ್ಯಾಗಲ್ಲಾ?" ಅಂದಳು. "ದಿನಾನೂ? ಪಾಠ ಮಾಡೋಕೆ ಸ್ಕೂಲಿಗೆ ಹೋಗುವಾಗ್ಲೂ ತಗೊಂಡು ಹೋಗ್ತೀರಾ?... ಮತ್ತೆ ಅದನ್ನ ಅವಳಿಗೆ ಹೇಳೋದಲ್ವಾ. ಬೇಜಾರಾಗತ್ತೆ ಅಂತ ಹೇಳದೇ ಇರ್ತಾರಾ ಯಾರಾದರೂ."

ಆಮೇಲೆ ಅವಳು ಅತ್ತಳು. ನನಗೂ ತಡೆಯಲಿಲ್ಲ, ಹೊಲಿಯುತ್ತಿದ್ದ ಅಂಗಿಯಿಂದಲೇ ಮೂಗು ಒರೆಸಿಕೊಂಡೆ. ಫೋನು ಇಡುವ ಮುಂಚೆ, "ಡಾಕ್ಟರಿಗೆ ಹೇಳಿ, ಅವತ್ತು ಕಿತ್ತಿದ್ದು ಒಳ್ಳೇ ಹಲ್ಲು ಅಂತ ನಿಮ್ಮ ಮಗಳು ಇನ್ನೂ ಮರೆತಿಲ್ಲ" ಎಂದು ಸೇರಿಸಿದಳು. ಮುಖ ಒರೆಸಿಕೊಂಡು ಎದ್ದು ನನ್ನ ಮುಂದೆ ಬಂದು ನಿಂತಳು.

"ಆಂಟಿ, ನಾನು ಮದುವೆಗೆ ಹೋಗಬೇಕು."

ಆಡಬೇಕಾದ ಮಾತೇ. ಆದರೂ ಇಷ್ಟು ದಿನ ಅವ್ವ ಎಂದವಳ ಬಾಯಲ್ಲಿ ಆಂಟಿ ಅನಿಸಿಕೊಂಡಾಗ ನಾನು ದಾರವಿಲ್ಲದ ಸೂಜಿಯಲ್ಲೇ ಎರಡು ಹೊಲಿಗೆ ಹಾಕಿದೆ.

ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ, ಮದುವೆ ಎರಡು ದಿನ. ಒಟ್ಟು ಹತ್ತು. ಚನಮಲ್ಲಪ್ಪ ಬೆರಳು ಮಡಚಿ ಎಣಿಸಿ, "ಒಂದ ದಿನ ಜಾಸ್ತಿ ಆತು" ಅಂದ. ಊರಿನಲ್ಲಿ ಎಲ್ಲರೂ ಅವರವರ ಜಾಗದಲ್ಲಿ ಕುಳಿತಿರುವವರು, ಹೊರಗಿನಿಂದ ಬದಲಿ ತರಿಸಲು ಸಮಯವಿಲ್ಲ. ನಾನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ, "ನೀ ಹೋಗು. ನಿರುಪಾದಿ ಜಾಗಾದಾಗ ನಾ ಕುಂದರ್ತೀನಿ" ಅಂದೆ.

ಮರುದಿನವೇ ಜಾಗದ ಕಾರಕೂನ ಸಂಕಣ್ಣ ರಿಜಿಸ್ಟರು ಕಂಕುಳಲ್ಲಿ ಇಟ್ಟುಕೊಂಡು ಬಂದ. ಊರಿನಲ್ಲಿ ಯಾರ ಜಾಗವೂ ಖಾಲಿ ಬೀಳದಂತೆ ಕಾಯುವುದೇ ಅವನ ನೌಕರಿ. ಇಪ್ಪತ್ತಾರು ವರ್ಷದಲ್ಲಿ ಒಂದು ಜಾಗವನ್ನೂ ಖಾಲಿ ಬಿಟ್ಟವನಲ್ಲ ಎಂಬುದು ಅವನ ಹೆಮ್ಮೆ.

"ಬಾಳವ್ವ, ಒಬ್ಬಾಕಿ ಎರಡ ಜಾಗಾದಾಗ ಹೆಂಗ ಕುಂದರ್ತಿ?" ಅಂದ. "ಕಾಯ್ದೆದಾಗ ಇಲ್ಲ."

"ಉಣ್ಣೂವಾಗ ನಿರುಪಾದಿ, ಬಡಸೂವಾಗ ಬಾಳವ್ವ" ಅಂದೆ. "ಅನುಮಾನ ಇದ್ರ ಮನಿಗೆ ಹೋಗಿ ನಿನ್ನ ಹೇಣ್ತಿ ದಿನಕ್ಕ ಎಷ್ಟ ಜಾಗಾದಾಗ ಕುಂದರ್ತಾಳ ಅಂತ ಎಣಿಸ್ಕೊಂಡ ಬಾ."

ಸಂಕಣ್ಣ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ಮುಖ ಕೆಳಗೆ ಹಾಕಿಕೊಂಡು ರಿಜಿಸ್ಟರಿನಲ್ಲಿ ಒಪ್ಪಿಗೆಯ ಠಸ್ಸೆ ಒತ್ತಿದ. "ಆದರ ದಿನಾ ಊಟದ ಹೊತ್ತಿಗೆ ಬಂದ ತಪಾಸಣಿ ಮಾಡ್ತೀನಿ" ಎಂದು ಹೇಳಿ ಹೋದ. ಅದೇ ಸಂಜೆ ಹುಡುಗಿ ಬೂಟು ಕಟ್ಟಿಕೊಂಡು ಬಸ್ಸು ಹತ್ತಿದಳು.

ನಾನು ನಿರುಪಾದಿಯಾದೆ. ಮಗನ ಮಂಚದಲ್ಲಿ ಮಲಗಿದೆ, ಬೆಳಿಗ್ಗೆ ಏಳಲಿಲ್ಲ. ಬೈಯುವವರು ಯಾರೂ ಇಲ್ಲದ್ದರಿಂದ ಎದ್ದು ಒಲೆಯ ಮುಂದೆ ನಿಂತು ನನಗೆ ನಾನೇ ಬೈದುಕೊಂಡೆ. ನಳದ ಹತ್ತಿರ ದುಂಡಪ್ಪ ನನ್ನನ್ನು ಕಂಡ ಕೂಡಲೇ, "ಈಗ ಯಾರು? ಬಾಳವ್ವನೋ ನಿರುಪಾದಿನೋ? ಹೇಳಿದ್ರ ನಾ ಮಾತಾಡೂದೋ ಬಿಡೂದೋ ನೋಡ್ತೀನಿ" ಎನ್ನುತ್ತಿದ್ದ. ಬಿಳಿ ಕೊಡ ತಂದರೆ ಬಾಳವ್ವ, ಹಸಿರು ಕೊಡ ತಂದರೆ ನಿರುಪಾದಿ ಎಂದು ಗೊತ್ತುಮಾಡಿಕೊಂಡೆವು. ಮೂರನೆಯ ದಿನ ಸಂಖ್ಯಾಶಾಸ್ತ್ರದ ಪರೀಕ್ಷೆ. ಮಕ್ಕಳ ಮಧ್ಯೆ ಸೆರಗು ಹೊದ್ದು ಕುಳಿತು ಬರೆದೆ. ಐದು ಜನರ ಸರಾಸರಿ ತೂಕ ಕೇಳಿದ್ದರು. ಬೆಳಿಗ್ಗೆಯಿಂದ ಉಪವಾಸವಿದ್ದವರನ್ನು ತೂಗಿದರೆ ಸರಿಯಾದ ಉತ್ತರ ಬರುವುದಿಲ್ಲ, ಮೊದಲು ಅವರಿಗೆ ಊಟ ಹಾಕಬೇಕು ಎಂದು ಕಾರಣ ಸಮೇತ ಬರೆದೆ. ನಿರುಪಾದಿ ನಾಲ್ಕನೆಯ ಸಲವೂ ಫೇಲಾಗುವುದು ಖಂಡಿತ. ಈ ಸಲ ನಾನು ಬೈಯುವಂತಿಲ್ಲ.

ಊಟಕ್ಕೂ ಅವನ ಜಾಗದಲ್ಲೇ ಕುಳಿತೆ. ನಾನು ಕುಳಿತುಬಿಟ್ಟರೆ ಬಡಿಸುವವರಿಲ್ಲ ಎಂದು ಚನಮಲ್ಲಪ್ಪ ಸೌಟು ಹಿಡಿದು ಒಲೆಯ ಮುಂದೆ ನಿಲ್ಲುತ್ತಿದ್ದ. ಆ ಜಾಗದಿಂದ ನೋಡಿದರೆ ಕಾಣುವುದು ಒಲೆಯ ಮುಂದೆ ನಿಂತವರ ಬೆನ್ನು ಒಂದೇ. ಇಪ್ಪತ್ತೊಂದು ವರ್ಷ ನನ್ನ ಮಗ ಉಣ್ಣುವಾಗ ನನ್ನ ಬೆನ್ನು ನೋಡಿಕೊಂಡು ಉಂಡಿದ್ದಾನೆ. ನಾನು ಅವನಿಗೆ ಬೈದದ್ದು, ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳಿದ್ದು, ಹೋಗುವ ದಿನ ಹುಷಾರಾಗಿ ಹೋಗು ಅಂದದ್ದು, ಎಲ್ಲಾ ಬೆನ್ನು ಹಾಕಿಕೊಂಡೇ. ನನಗೆ ಅವನನ್ನು ನೋಡಬೇಕೆನಿಸಿತು. ನೋಡುವುದು ಆಗದಿದ್ದರೆ ಒಂದು ಮಾತು ಕೇಳಿಸಿಕೊಳ್ಳಬೇಕೆನಿಸಿತು. ಊರೆಲ್ಲ ನಡೆಸಿಕೊಂಡು ಬಂದ ಪದ್ಧತಿ, ನನಗೊಬ್ಬಳಿಗೆ ಬೇಡ ಎನ್ನಲು ಬರುತ್ತದೆಯೇ.

ಮದುವೆಯ ದಿನ ಮಧ್ಯಾಹ್ನ ನಾನು ಅವನ ತಾಟಿನ ಮುಂದೆ ಕುಳಿತಿದ್ದೆ. ಸಂಕಣ್ಣ ಎದುರಿಗೆ ಕುರ್ಚಿಯ ಮೇಲೆ ರಿಜಿಸ್ಟರು ಬಿಚ್ಚಿಕೊಂಡು ಕುಳಿತು ನಾನು ಅಗಿಯುವುದನ್ನು ನೋಡುತ್ತಿದ್ದ. ಫೋನು ಹೊಡೆದುಕೊಂಡಿತು. ಅದನ್ನು ಎತ್ತುವುದು ನಿರುಪಾದಿಯ ಕೆಲಸ. ಕೈ ನಿಲುಕುವಷ್ಟು ಹತ್ತಿರದಲ್ಲೇ ಇತ್ತು, ಕುಳಿತಲ್ಲಿಂದಲೇ ಎಡಗೈಯಲ್ಲಿ ಎತ್ತಿದೆ.

"ಹಲೋ, ನಿರುಪಾದಿ ಮಾತಾಡೂದು" ಅಂದೆ.

ಆ ಕಡೆ ಓಲಗ, ಜನರ ಗದ್ದಲ. ಆಮೇಲೆ ಕಿಸಕ್ಕೆಂದು ನಗು.

"ಅವ್ವಾ, ನಾ" ಅಂದ. "ಮೇದಿನಿ ಬಂದಾಳ. ಆಕೀ ಕುರ್ಚ್ಯಾಗ ಆಕೀನ ಕುಂತಾಳ, ಅವರವ್ವನ ಕೈ ಹಿಡಕೊಂಡ. ಇಬ್ಬರೂ ಅಳಾಕತ್ತಾರ, ಡಾಕ್ಟರು ನಡುವ ಕರ್ಚೀಪು ಹಿಡಕೊಂಡ ನಿಂತಾರ. ನಂಗ ಎದ್ದೇಳು ಅಂದ್ರು, ಎದ್ದೆ. ಈಗ ನಂಗ ಎಲ್ಲೂ ಜಾಗ ಇಲ್ಲವ್ವ. ಅಡಿಗಿಯವರ ಹಿಂದ ನಿಂತೀನಿ. ಯಾರೂ ಅಲ್ಲ ನಾ ಈಗ. ಅದಕ್ಕ ಫೋನ್ ಮಾಡಿದೆ. ಅವ್ವಾ, ಅದೀಯೇನು?"

ಅವನ ತಾಟಿನ ಮುಂದೆ ಕುಳಿತವಳು ಅವನ ಬದಲಿ. ಬದಲಿ ಹೋದವನ ಜೊತೆ ಮಾತಾಡುವಂತಿಲ್ಲ. ಅವ್ವನಾಗಿ ಮಾತಾಡಬೇಕೆಂದರೆ ಈ ಜಾಗದಿಂದ ಏಳಬೇಕು, ತಪಾಸಣೆಯ ಹೊತ್ತಿನಲ್ಲಿ ಎದ್ದರೆ ಜಾಗ ಖಾಲಿ. ಎದುರಿಗೆ ಇಪ್ಪತ್ತಾರು ವರ್ಷದ ರಿಜಿಸ್ಟರು. ಚನಮಲ್ಲಪ್ಪ ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

"ಅವ್ವಾ?" ಅಂದ ನನ್ನ ಮಗ.

ಎಂಜಲು ಕೈಯಲ್ಲೇ ಎದ್ದುಬಿಟ್ಟೆ. ಏನಾದರೂ ಆಗಲಿ ಎಂದು ಗೋಡೆಯ ಹತ್ತಿರ ಹೋಗಿ ನಿಂತೆ. ಸಂಕಣ್ಣ ಖಾಲಿ ಮಣೆಯನ್ನು ನೋಡಿದ, ನನ್ನನ್ನು ನೋಡಿದ, ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿ, ಟೊಪ್ಪಿಗೆ ತೆಗೆದು ರಿಜಿಸ್ಟರಿನ ಮೇಲೆ ಇಟ್ಟು, ಪಂಚೆ ಎತ್ತಿಕೊಂಡು ಬಂದು ನಿರುಪಾದಿಯ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ನಾನು ಬಿಟ್ಟಿದ್ದ ಅರ್ಧ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ.

"ನಿಧಾನ ಮಾತಾಡು ಬಾಳವ್ವ" ಅಂದ, ಗೋಡೆಯ ಕಡೆ ನೋಡುತ್ತ. "ನಾ ಕುಂತೀನಿ."

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅದೀನಿ ಮಗನ, ನಿಮ್ಮವ್ವ ಅದೀನಿ. ಹೇಳು."